ಕಂಪನಿ ಲುಕ್ ಕೆಡಸ್ದಂಗ ಕಾರಿನ ಸೌಂಡ್ ಸುಧಾರ್ಸೋದು ಹೆಂಗ

ಮೊದ್ಲ ಒಂದು ಕೆಲಸ ಮಾಡ್ರಿ. ಮನಿ ಮುಂದ ನಿಂತ ಕಾರಿನ ಮುಂದಿನ ಡೋರಿಗೆ, ಹೊರಗಿನ ತಗಡಿಗೆ, ಬೆರಳ ಗೆಣ್ಣಿಲೆ ಎರಡು ಸಲ ಬಡೀರಿ. ಟಣ್ ಟಣ್ ಅಂತ ಖಾಲಿ ಎಣ್ಣಿ ಡಬ್ಬಿ ಸಪ್ಪಳ ಬರ್ತೈತಲ್ಲಾ, ನಿಮ್ಮ ಸೌಂಡಿನ ಅರ್ಧಾ ರೋಗ ಅಲ್ಲೇ ಐತಿ. ನಾವು ಬಾಗಲಕೋಟಿ ಮಂದಿ, ಹೋಳಿ ಹುಣ್ಣಿವಿಗೆ ಹಲಗಿ ಬಾರ್ಸಕೋತ ಬೆಳದವ್ರು, ಬಿಗದ ಕಟ್ಟಿದ್ದಕ್ಕ ಬಡದ್ರ ಏನಾಗ್ತೈತಿ ಅಂತ ನಮಗ ಯಾರೂ ಹೇಳಿಕೊಡೋದು ಬ್ಯಾಡ. ಕಾರಿನ ಡೋರೂ ಒಂದು ಹಲಗಿನ. ಒಳಗ ಸ್ಪೀಕರ್ ಕುಣಿಯಾಕತ್ತಿದ್ರ ಹೊರಗಿನ ತಗಡು ತಂದೂ ಒಂದು ತಾಳ ಸೇರಸ್ತೈತಿ, ನೀವು ಎಂಥಾ ತುಟ್ಟಿ ಸ್ಪೀಕರ್ ತಂದು ಹಾಕಿದ್ರೂ ಆ ತಗಡಿನ ಸಪ್ಪಳ ಹೋಗಂಗಿಲ್ಲ.

ಇದು ನನಗ ರೊಕ್ಕ ಕಳಕೊಂಡ ಮ್ಯಾಲ ತಿಳಿದದ್ದು. ನಂದು ಮಧ್ಯದ ವೇರಿಯಂಟಿನ ಸಣ್ಣ ಪೆಟ್ರೋಲ್ ಗಾಡಿ, ಕಂಪನಿ ಟಚ್ ಸ್ಕ್ರೀನು, ನಾಕು ಸ್ಪೀಕರ್, ಟ್ವೀಟರ್ (ಚೂಪು ದನಿಯ ಸಣ್ಣ ಸ್ಪೀಕರ್) ಇರೋ ಜಾಗಾದಾಗ ಬರೇ ಖಾಲಿ ಪ್ಲಾಸ್ಟಿಕ್ಕು. ನವನಗರದಾಗ ಮನಿ, ವಾರಕ್ಕೆರಡು ಸಲ ಜಮಖಂಡಿಗೆ ಹೋಗಿ ಬರ್ತೀನಿ, ಹಾಡಿಲ್ಲಾಂದ್ರ ಆ ದಾರಿ ಸವಿಯಂಗಿಲ್ಲ. ಆದ್ರ ಕಬ್ಬಿನ ಹಂಗಾಮಿನ್ಯಾಗ ಮುಧೋಳ ರೋಡಿಗೆ ಬರೋ ಟ್ರ್ಯಾಕ್ಟರ್‌ಗತೆ ಮಾಡ್ಕೊಳ್ಳೋದು ನನಗ ಬ್ಯಾಡಾಗಿತ್ತು (ಆ ಟ್ರ್ಯಾಕ್ಟರ್ ಸೌಂಡಿಗೆ ಅದರದ ಒಂದು ಗಮ್ಮತ್ತು ಐತಿ ಬಿಡ್ರಿ, ಅದು ಬ್ಯಾರೆ ಮಾತು). ನಮ್ಮಪ್ಪಾರು ಎರಡ ಕಂಡೀಷನ್ ಹಾಕಿದ್ರು: ಒಳಗ ಕುಂತವ್ರಿಗೆ ಹೊಸಾದು ಏನೂ ಕಾಣಬಾರದು, ಮತ್ತ ಡಿಕ್ಕಿಯಾಗ ಜ್ವಾಳದ ಚೀಲ ಮೊದ್ಲಿನಂಗ ಹಿಡಿಬೇಕು. ಹಂಗಾಗಿ ಡಿಕ್ಕಿಯಾಗ ದೊಡ್ಡ ಡಬ್ಬಿ, ಹಿಂದಿನ ಪಾರ್ಸೆಲ್ ಟ್ರೇ ಮ್ಯಾಲ ಓವಲ್ ಸ್ಪೀಕರ್, ನೀಲಿ ಲೈಟು, ಇವೆಲ್ಲಾ ಮೊದ್ಲ ದಿನಾನ ಕ್ಯಾನ್ಸಲ್.

ಸ್ಟೀರಿಯೋದಿಂದ ಶುರು ಮಾಡೂಣು, ಯಾಕಂದ್ರ ಎಲ್ಲಾರೂ ಮೊದ್ಲ ಬದ್ಲಿ ಮಾಡೋದು ಅದನ್ನ. ನಾ ಹೇಳೋದು ಅದನ್ನ ಮುಟ್ಟಬ್ಯಾಡ್ರಿ ಅಂತ. ಈಗಿನ ಗಾಡಿಯಾಗ ಸ್ಟೀರಿಂಗ್ ಮ್ಯಾಲಿನ ಬಟನ್ನು, ರಿವರ್ಸ್ ಕ್ಯಾಮೆರಾ, ಕೆಲವ್ರ ಗಾಡಿಯಾಗ ಕಾರಿನ ಸೆಟಿಂಗೂ ಆ ಸ್ಕ್ರೀನಿಗೇ ಜೋಡಿಸಿರ್ತಾರ, ತಗದು ಬ್ಯಾರೆ ಹಾಕಿದ್ರಿ ಅಂದ್ರ ಒಂದಿಲ್ಲ ಒಂದು ಕೈ ಕೊಡ್ತೈತಿ, ಸುತ್ತಲಿನ ಫ್ರೇಮೂ ಕಂಪನಿದಂಗ ಕುಂಡ್ರಂಗಿಲ್ಲ. ಅದರಾಗ ಖರೇ ಕಮ್ಮಿ ಇರೋದು ಪವರ್. ಡಬ್ಬಿ ಮ್ಯಾಲ 50 ವ್ಯಾಟ್ ಇಂಟು 4 ಅಂತ ಬರದಿದ್ರೂ ಅದು ಒಂದು ಕ್ಷಣದ ಪೀಕ್ ಲೆಕ್ಕ, ಬಿಡದ ಕೊಡೋದು, ಅಂದ್ರ ಆರ್‌ಎಂಎಸ್, ಒಂದೊಂದು ಚಾನೆಲ್ಲಿಗೆ 15ರಿಂದ 20 ವ್ಯಾಟ್ ಅಷ್ಟ. ಆ ಕೊರತಿ ತುಂಬಾಕ ಆಂಪ್ಲಿಫೈಯರ್ (ಆಂಪ್) ಐತಿ, ಅದನ್ನ ಸೀಟಿನ ಕೆಳಗ ಮುಚ್ಚಿಡಬಹುದು, ಆ ಮಾತು ಮುಂದ ಬರ್ತೈತಿ.

ಈಗ ಡೋರು. ಒಂದು ಇಡೀ ದಿನ ಇಟ್ಕೊಂಡ್ರ ಎರಡು ಮುಂದಿನ ಡೋರು ಆರಾಮ ಮುಗೀತಾವ, ಹಿಂದಿನ ಡೋರು ಆಮ್ಯಾಲ ರೊಕ್ಕ ಉಳದ್ರ ನೋಡಿದ್ರಾತು. ಕೆಲಸಕ್ಕ ಕುಂಡ್ರೂಕಿಂತ ಮೊದ್ಲ ಬ್ಯಾಟರಿ ಮೈನಸ್ ಟರ್ಮಿನಲ್ ತಗೀರಿ, ಒಂದು ಹತ್ತು ನಿಮಿಷ ಬಿಡ್ರಿ, ಏರ್‌ಬ್ಯಾಗ್ ಇರೋ ಗಾಡಿಗೆ ಇದು ಖಡ್ಡಾಯ. ತಗದ್ರ ಕೆಲವು ಗಾಡಿಯಾಗ ಕಾಚಿನ ಆಟೋ ಅಪ್ ಮರತ ಹೋಗ್ತೈತಿ, ಬಟನ್ ಒತ್ತಿ ಹಿಡದು ಕಾಚು ಪೂರಾ ಕೆಳಗ ಪೂರಾ ಮ್ಯಾಲ ಮಾಡಿದ್ರ ವಾಪಸ್ ಬರ್ತೈತಿ, ಹೆದರಬ್ಯಾಡ್ರಿ. ಡೋರ್ ಪ್ಯಾಡ್ ತಗೀಬೇಕಾದ್ರ ಕಬ್ಬಿಣದ ಸ್ಕ್ರೂ ಡ್ರೈವರ್ ಹಾಕಿ ಮೀಟಬ್ಯಾಡ್ರಿ, ಗೀಚು ಬಿದ್ದು ಕಂಪನಿ ಲುಕ್ ಅಲ್ಲೇ ಹೋತು, ಪ್ಲಾಸ್ಟಿಕ್ ಪಟ್ಟಿ ಸೆಟ್ ಸಿಗ್ತಾವ ಅವನ್ನ ತಗೋರಿ. ಹಿಡಿಕಿ ಒಳಗ ಒಂದು, ಹ್ಯಾಂಡಲ್ ಹಿಂದ ಒಂದು ಸ್ಕ್ರೂ ಮುಚ್ಚಿಟ್ಟಿರ್ತಾರ, ಅವನ್ನ ತಗದ ಮ್ಯಾಲ ಕೆಳಗಿನ ಮೂಲಿಯಿಂದ ಎಳೀರಿ, ಟಕ್ ಟಕ್ ಅಂತ ಕ್ಲಿಪ್ ಬಿಡ್ತಾವ, ಒಂದೆರಡು ಮುರದ ಮುರೀತಾವ, ಅದಕ್ಕ ಮೊದ್ಲ ಹತ್ತು ಕ್ಲಿಪ್ ಸ್ಪೇರ್ ತಂದಿಡ್ರಿ. ಹಳೇ ಮುರಕ ಕ್ಲಿಪ್ಪಿಲೆ ಪ್ಯಾಡ್ ಒತ್ತಿ ಕುಂಡ್ರಿಸಿದ್ರ ನಾಳೆ ಅದ ಗಡಗಡ ಅಂತೈತಿ, ನೀವು ಸ್ಪೀಕರ್ ಕೆಟ್ಟಾವ ಅಂತ ಅಂಗಡಿಗೆ ಹೋಗ್ತೀರಿ.

ಪ್ಯಾಡ್ ತಗದ್ರ ಒಳಗ ಒಂದು ಪ್ಲಾಸ್ಟಿಕ್ ಹಾಳಿ ಅಂಟಿಸಿರ್ತಾರ. ಅದನ್ನ ಭಾಳ ಮಂದಿ ಕಸಾ ಅನ್ಕೋತಾರ. ನನ್ನ ಗಾಡಿಗೆ ಮೊದ್ಲ ಸಲ ಸ್ಪೀಕರ್ ಹಾಕಿದ ಹುಡುಗ ಅದನ್ನ ಪರ್ ಅಂತ ಹರದು ಒಗದಿದ್ದ, ನಾನೂ ಚಾ ಕುಡಕೋತ ನೋಡ್ಕೋತ ಕುಂತಿದ್ದೆ. ಜೂನ್‌ದಾಗ ಮೊದ್ಲ ಮಳಿ ಬಿದ್ದ ಮರುದಿನ ಮುಂಜಾನೆ ಕಾಲಿಟ್ರ ಮ್ಯಾಟ್ ಪಚಪಚ! ಕಾಚಿನ ಗುಂಟ ಡೋರಿನ ಒಳಗ ಇಳಿಯೋ ನೀರು ಒಳಗಿನ ಕಡೆ ಬರಲಾರದಂಗ ತಡಿಯೋದ ಆ ಹಾಳಿ ಕೆಲಸ. ಅದನ್ನ ಸಾವಕಾಶ ಬಿಡಸ್ರಿ, ಕರೇ ಅಂಟು ಉಳಸ್ಕೋರಿ, ವಾಪಸ್ ಹಚ್ಚಾಕ ಬೇಕಾಗ್ತೈತಿ.

ಡ್ಯಾಂಪಿಂಗ್ ಶೀಟ್, ಅಂದ್ರ ತಗಡಿನ ನಡುಗು ತಡಿಯೋ ಅಂಟು ಶೀಟ್, ತಗೋಬೇಕಾದ್ರ ಒಂದ ಮಾತು ನೆನಪಿಡ್ರಿ: ಬ್ಯೂಟೈಲ್ ರಬ್ಬರು, ಮ್ಯಾಲ ಅಲ್ಯೂಮಿನಿಯಂ ಹಾಳಿ, 2 ಮಿಲಿಮೀಟರ್ ದಪ್ಪ. ಅಗ್ಗದಾಗ ಡಾಂಬರಿನ ಶೀಟ್ ಸಿಗ್ತಾವ, ಮನಿ ಛತ್ತಿಗೆ ನೀರು ಸೋರಬಾರದು ಅಂತ ಹಾಕ್ತಾರಲ್ಲ ಆ ಜಾತೀವು, ಅವು ನೋಡಾಕ ಥೇಟ್ ಹಂಗ ಇರ್ತಾವ. ನಮ್ಮ ಕಡೆ ಮೇ ತಿಂಗಳಾಗ 40 ಡಿಗ್ರಿ ದಾಟ್ತೈತಿ, ಬಿಸಲಾಗ ನಿಂತ ಗಾಡಿ ಡೋರಿನ ತಗಡಂತೂ ಮುಟ್ಟಾಕ ಆಗಂಗಿಲ್ಲ, ಆ ಕಾವಿಗೆ ಡಾಂಬರು ಕರಗಿ ಜಾರಿ ಕೆಳಗ ಬರ್ತೈತಿ, ವಾಸನಿ ಬ್ಯಾರೆ, ಏಸಿ ಹಾಕಿದ್ರೂ ಹೊಸಾ ರೋಡ್ ಮಾಡಾಕತ್ತಲ್ಲಿ ಕುಂತಂಗ. ಅಂಗಡಿಯಾಗ ಮೂಸಿ ನೋಡ್ರಿ, ಡಾಂಬರ್ ವಾಸನಿ ಬಂದ್ರ ವಾಪಸ್ ಕೊಡ್ರಿ.

ಹೊರಗಿನ ತಗಡಿನ ಒಳಮೈಯನ್ನ, ಅಂದ್ರ ದೊಡ್ಡ ತೂತಿನ್ಯಾಗ ಕೈ ಹಾಕಿದ್ರ ಸಿಗ್ತೈತಲ್ಲ ಅದನ್ನ, ಮೊದ್ಲ ಒಣಾ ಅರಬಿಲೆ ಒರಸ್ರಿ, ಆಮ್ಯಾಲ ಥಿನ್ನರ್ ಅಥವಾ ಸ್ಪಿರಿಟ್ ಹಚ್ಚಿ ಒರಸ್ರಿ. ನಮ್ಮ ಎರಿ ಮಣ್ಣಿನ ಧೂಳಿ ಹೆಂಗ ಅಂದ್ರ ಒರಸಿದಂಗ ಒರಸಿದಂಗ ಮತ್ತ ಕರೇ ಬರ್ತೈತಿ. ಧೂಳಿ ಮ್ಯಾಲ ಶೀಟ್ ಅಂಟಿಸಿದ್ರ ಆರು ತಿಂಗಳಿಗೆ ಬಿಡ್ತೈತಿ. ಪೂರಾ ತಗಡು ಮುಚ್ಚಬೇಕಂತ ಏನಿಲ್ಲ, ನಡಕ ಅಲುಗಾಡೋ ಭಾಗದಾಗ ಕಾಲು ಭಾಗದಿಂದ ಅರ್ಧಾ ಮುಚ್ಚಿದ್ರ ಟಣ್ ಅನ್ನೋದು ಹೋಗಿ ಧಪ್ ಅಂತೈತಿ, ಅದಕ್ಕಿಂತ ಹೆಚ್ಚು ಹಾಕಿದಷ್ಟು ಡೋರು ಭಾರ ಆಗ್ತೈತಿ, ಲಾಭ ಕಮ್ಮಿ. ರೋಲರ್‌ಲೆ ಒತ್ತಿ ಒತ್ತಿ ತಿಕ್ಕಬೇಕು, ಮ್ಯಾಲಿನ ಹಾಳಿ ಮ್ಯಾಲಿನ ಉಬ್ಬು ಗುರ್ತು ಅಳಸೂತನಕ. ಥಂಡಿ ದಿನದಾಗ ಹೇರ್ ಡ್ರೈಯರ್ ಹಿಡೀಬೇಕು, ಬ್ಯಾಸಿಗಿಯಾಗ ಅದರ ಗರಜ ಇಲ್ಲ, ಮುಂಜಾನೆ 7ಕ್ಕ ಶುರು ಮಾಡ್ರಿ ಇಲ್ಲಾಂದ್ರ ನಿಮ್ಮ ಕೈನೂ ಅಂಟ್ತೈತಿ. ಅಲ್ಯೂಮಿನಿಯಂ ಅಂಚು ಬ್ಲೇಡ್ ಇದ್ದಂಗ, ಕೈಗವಸು ಹಾಕ್ಕೋರಿ, ನಾ ಹಾಕ್ಕೊಳ್ಳದ ಎರಡು ಬೆರಳು ಕೊಯ್ಕೊಂಡೀನಿ. ಡೋರಿನ ಅಡಿಯಾಗ ನೀರು ಹೋಗೋ ಸಣ್ಣ ಸಣ್ಣ ತೂತು ಇರ್ತಾವ, ಅವನ್ನ ಮಾತ್ರ ಮುಚ್ಚಬ್ಯಾಡ್ರಿ, ಮುಚ್ಚಿದ್ರ ನೀರು ನಿಂತು ಡೋರಿಗೆ ಜಂಗು ಹಿಡೀತೈತಿ.

ಇನ್ನ ಒಳಗಿನ ತಗಡಿನ ದೊಡ್ಡ ತೂತು. ಸ್ಪೀಕರ್ ಮುಂದ ತಳ್ಳಿದ ಗಾಳಿ ಆ ತೂತಿನ ಗುಂಟ ಹಿಂದಿನ ಗಾಳಿ ಜೋಡಿ ಕೂಡಿ ಬೇಸ್ ಸತ್ತ ಹೋಗ್ತೈತಿ, ಅದಕ್ಕ ಅದನ್ನ ಮುಚ್ಚಬೇಕು. ಕೆಲವ್ರು ನೇರ ಅದರ ಮ್ಯಾಲ ಡ್ಯಾಂಪಿಂಗ್ ಶೀಟ್ ಅಂಟಸ್ತಾರ. ನಾಳೆ ಕಾಚಿನ ಮೋಟರ್ ಕೆಟ್ರ ಅದನ್ನ ಹರಿಯೂದ್ರಾಗ ಮೆಕ್ಯಾನಿಕ್ ನಿಮ್ಮನ್ನ ಬೈತಾನ. ತೂತಿನ ಅಳತಿಗೆ ತೆಳ್ಳನ ಗಟ್ಟಿ ಪ್ಲಾಸ್ಟಿಕ್ ತುಂಡು ಕತ್ತರಿಸಿ, ಸುತ್ತ ಫೋಮ್ ಟೇಪ್ ಹಚ್ಚಿ, ನಾಕು ಸ್ಕ್ರೂ ಹಾಕ್ರಿ, ಬೇಕಾದಾಗ ಬಿಚ್ಚಬಹುದು. ಹಾಕೂಕಿಂತ ಮೊದ್ಲ ಕಾಚು ಕೆಳಗ ಮ್ಯಾಲ ಮಾಡಿ ಸ್ಕ್ರೂ ಎಲ್ಲೂ ತಾಗಂಗಿಲ್ಲಂತ ಖಾತ್ರಿ ಮಾಡ್ಕೋರಿ.

ಇಷ್ಟ ಮಾಡಿ, ಕಂಪನಿ ಸ್ಪೀಕರನ್ನ ವಾಪಸ್ ಹಾಕಿ ಒಂದು ವಾರ ಕೇಳ್ರಿ. ಖರೇ ಹೇಳ್ತೀನಿ, ಅರ್ಧಾ ಮಂದಿಗೆ ಇಷ್ಟ ಸಾಕಾಗ್ತೈತಿ.

ಸಾಲಲಿಲ್ಲಾ, ಮುಂದಕ್ಕ ಬರ್ರಿ. ಸ್ಪೀಕರ್ ತಗೋಬೇಕಾದ್ರ ವ್ಯಾಟ್ ನೋಡಿ ಮಳ್ಳ ಆಗಬ್ಯಾಡ್ರಿ, ಸೆನ್ಸಿಟಿವಿಟಿ, ಅಂದ್ರ ಅಷ್ಟ ಪವರಿನ್ಯಾಗ ಎಷ್ಟು ಸಪ್ಪಳ ಮಾಡ್ತೈತಿ ಅನ್ನೋದನ್ನ, ನೋಡ್ರಿ. 86 ಡೆಸಿಬಲ್‌ದ ಸ್ಪೀಕರ್ ಎಷ್ಟು ಸಪ್ಪಳ ಮಾಡ್ತೈತೋ ಅಷ್ಟ ಸಪ್ಪಳಾನ 92 ಡೆಸಿಬಲ್‌ದ್ದು ಕಾಲು ಭಾಗ ಪವರಿನ್ಯಾಗ ಮಾಡ್ತೈತಿ, ಯಾಕಂದ್ರ ಪ್ರತಿ 3 ಡೆಸಿಬಲ್‌ಗೆ ಪವರ್ ಡಬಲ್ ಬೇಕು. ಆಂಪ್ ಹಾಕಂಗಿಲ್ಲ ಅನ್ನೋರಿಗೆ ಇದ ಮುಖ್ಯ. ನಮ್ಮಲ್ಲಿ ಭಾಳ ಗಾಡಿಗೆ ಮುಂದಿನ ಡೋರಿನ್ಯಾಗ ಆರೂವರಿ ಇಂಚಿನ್ನ ಹಿಡೀತೈತಿ, ಆದ್ರ ಅಗಲ ಅಲ್ಲ ತೊಂದ್ರಿ, ಆಳ. ಕಾಚು ಪೂರಾ ಕೆಳಗ ಇಳಿಸಿ, ಸ್ಪೀಕರ್ ಕುಂಡ್ರೋ ತಗಡಿನಿಂದ ಕಾಚಿನತನಕ ಅಳೀರಿ, ಸ್ಪೀಕರ್ ಆಳ ಅದಕ್ಕಿಂತ ಒಂದು ಸೆಂಟಿಮೀಟರ್‌ರೆ ಕಮ್ಮಿ ಇರ್ಬೇಕು. ಇಲ್ಲಾಂದ್ರ ರಿಂಗ್ ಹಾಕಿ ಮುಂದ ತರಬೇಕು. ರಿಂಗು ಎಂಡಿಎಫ್‌ದ್ದು (ಕಟಗಿ ಪುಡಿ ಒತ್ತಿ ಮಾಡಿದ ಬೋರ್ಡ್) ಬ್ಯಾಡ, ಡೋರಿನ ನೀರಿಗೆ ಅದು ಹಾಲಾಗ ಅದ್ದಿದ ಬಿಸ್ಕೀಟ್ ಆಗ್ತೈತಿ, ಪ್ಲಾಸ್ಟಿಕ್‌ದ್ದ ತಗೋರಿ. ಸ್ಪೀಕರ್ ಸುತ್ತ ಒಂದು ದಪ್ಪ ಫೋಮ್ ರಿಂಗ್ ಅಂಟಿಸಿದ್ರ ಸಪ್ಪಳ ಪ್ಯಾಡಿನ ಹಿಂದ ಸೋರಲಾರದ ಕಂಪನಿ ಜಾಳಿಗಿ ಗುಂಟ ನಿಮ್ಮ ಕಡೆ ಬರ್ತೈತಿ. ಅಗ್ಗದ ಸಾಮಾನು, ಯಾರೂ ಹಾಕಂಗಿಲ್ಲ.

ಟ್ವೀಟರ್ ವಿಷಯದಾಗ ಕಂಪನಿ ಲುಕ್ ಕೆಡೋದು ಹೆಚ್ಚು. ಡ್ಯಾಶ್‌ಬೋರ್ಡ್ ಮ್ಯಾಲ ಗೋಂದ್ ಹಚ್ಚಿ ಎರಡು ಗುಂಡಿ ಅಂಟಿಸಿ ಬಿಡ್ತಾರ, ಕಪ್ಪಿ ಕುಂತಂಗ ಕಾಣ್ತೈತಿ. ಒಂದು ಗುಟ್ಟು ಹೇಳ್ತೀನಿ: ನಿಮ್ಮ ಗಾಡಿ ಟಾಪ್ ವೇರಿಯಂಟಿನ್ಯಾಗ ಟ್ವೀಟರ್ ಇದ್ರ, ಸೈಡ್ ಮಿರರ್ ಹಿಂದಿನ ತ್ರಿಕೋನದ ಪ್ಯಾನೆಲ್ಲು ಜಾಳಿಗಿ ಸಮೇತ ಕಂಪನಿ ಸ್ಪೇರ್ ಪಾರ್ಟ್ಸ್ ಕೌಂಟರಿನ್ಯಾಗ ಕೇಳ್ರಿ, ಭಾಳ ಗಾಡಿಗೆ ಸಿಗ್ತೈತಿ, ನಿಮ್ಮ ಖಾಲಿ ಪ್ಯಾನೆಲ್ ತಗದು ಅದನ್ನ ಹಾಕಿ ಹಿಂದ ನಿಮ್ಮ ಟ್ವೀಟರ್ ಕುಂಡ್ರಿಸಿದ್ರ ನಿಮ್ಮ ಗಾಡಿ ಹುಟ್ಟಿದ್ದ ಹಂಗ ಅನಸ್ತೈತಿ. ಮುಂದಿನ ಕಾಚಿನ ಬಾಜೂ ಕಂಬದಾಗ ಏರ್‌ಬ್ಯಾಗ್ ಅಂತ ಅಕ್ಷರ ಇದ್ರ ಅಲ್ಲಿ ಸ್ಕ್ರೂನೂ ಬ್ಯಾಡ ವಾಯರೂ ಬ್ಯಾಡ. ಸೀಟಿನ ಕೆಳಗ, ಕಂಬದ ಒಳಗ ಹಳದಿ ಕಪ್ಲರ್ ಕಂಡ್ರ ಅವೂ ಏರ್‌ಬ್ಯಾಗಿನ ವ್ಯವಸ್ಥಾಕ್ಕ ಸೇರಿದ್ದು, ಬಿಚ್ಚಾಕ ಹೋಗಬ್ಯಾಡ್ರಿ.

ವಾಯರ್ ಜೋಡಸೂಮುಂದ ಪ್ಲಸ್ ಮೈನಸ್ ನೋಡ್ಕೋರಿ. ಒಂದು ಕಡೆ ಉಲ್ಟಾ ಆದ್ರ ಸ್ಪೀಕರ್ ಸುಡಂಗಿಲ್ಲ, ಆದ್ರ ಒಂದು ಹೊರಗ ಬರೂಮುಂದ ಇನ್ನೊಂದು ಒಳಗ ಹೋಗಿ ಬೇಸ್ ಮಾಯ ಆಗ್ತೈತಿ. ನಾ ಮೂರು ದಿನಾ ಸ್ಪೀಕರನ್ನ ಬೈದೀನಿ, ತಪ್ಪು ನಂದ ಇತ್ತು. ಒಂದೂವರಿ ವೋಲ್ಟಿನ ಗೋಡಿ ಗಡಿಯಾರದ ಸೆಲ್ ತಗೊಂಡು ಒಂದ ಕ್ಷಣ ತಾಗಿಸಿ ನೋಡ್ರಿ, ಸೆಲ್ಲಿನ ಪ್ಲಸ್ ಸ್ಪೀಕರಿನ ಪ್ಲಸ್‌ಗೆ ತಾಗಿದ್ರ ಕೋನು ಹೊರಗ ಜಿಗೀತೈತಿ. ಟ್ವೀಟರಿಗೆ ಈ ಪರೀಕ್ಷಾ ಬ್ಯಾಡ.

ಆಂಪ್ಲಿಫೈಯರಿಗೆ ಬಂದ್ರ, ಈಗ ಅಂಗೈ ಎರಡರಷ್ಟು ಸಣ್ಣ ಕ್ಲಾಸ್ ಡಿ (ಕಮ್ಮಿ ಕಾಯೋ ಜಾತಿ) ಆಂಪ್ ಬಂದಾವ, ಒಳಗ ಡಿಎಸ್‌ಪಿ (ಸಪ್ಪಳ ತಿದ್ದೋ ಚಿಪ್) ಇರೋವೂ ಸಿಗ್ತಾವ, ನನ್ನ ಕೇಳಿದ್ರ ಅಂಥಾದ್ದ ತಗೋರಿ. ಕಂಪನಿ ಸ್ಟೀರಿಯೋಕ್ಕ ಹಿಂದ ಸಾಮಾನ್ಯ ಆರ್‌ಸಿಎ (ಆಂಪಿಗೆ ಸಿಗ್ನಲ್ ಕೊಡೋ ಸಾಕೆಟ್) ಇರಂಗಿಲ್ಲ, ಅದಕ್ಕ ಹೈ ಲೆವೆಲ್ ಇನ್‌ಪುಟ್, ಅಂದ್ರ ಸ್ಪೀಕರ್ ವಾಯರನ್ನ ನೇರ ತಗೊಳ್ಳೋ ಆಂಪ್ ಬೇಕು. ಮತ್ತ ನಿಮ್ಮ ಗಾಡಿ ಕಪ್ಲರಿಗೆ ಹೊಂದೋ ಟಿ ಹಾರ್ನೆಸ್. ಕಂಪನಿ ಕಪ್ಲರ್ ಬಿಚ್ಚಿ ನಡಕ ಇದನ್ನ ಸಿಕ್ಕಿಸೋದು ಅಷ್ಟ, ಒಂದು ವಾಯರೂ ಕತ್ತರಿಸೋದಿಲ್ಲ. ಅಂಗಡಿ ಹುಡುಗ "ಅಣ್ಣಾರ, ಕಟ್ ಮಾಡಿ ಟೇಪ್ ಸುತ್ತಿದ್ರ ಐದ ನಿಮಿಷ ನೋಡ್ರಿ" ಅಂತಾನ. ಆ ಐದ ನಿಮಿಷದಾಗ ನಿಮ್ಮ ಎಲೆಕ್ಟ್ರಿಕಲ್ ವಾರಂಟಿ ಗಾಳಿಗೆ ಹೋಗಬಹುದು, ಬ್ಯಾಡ ಅನ್ರಿ.

ಪವರ್ ಎಲ್ಲಿಂದ ಅನ್ನೋದು ಇನ್ನೊಂದು ಪ್ರಶ್ನೆ. ಸಣ್ಣ ಆಂಪಿಗೆ ಸ್ಟೀರಿಯೋದ ವಾಯರಿಂದ ಕೊಡ್ತಾರ, ಅಲ್ಲಿ ಕಂಪನಿ ಫ್ಯೂಸ್ ಸಾಮಾನ್ಯ 15 ಇಲ್ಲಾ 20 ಆಂಪಿಯರ್, ಸ್ಟೀರಿಯೋನೂ ಅದರಾಗ ಉಣ್ಣಬೇಕು. ಖರೇ 50 ವ್ಯಾಟಿನ ನಾಕು ಚಾನೆಲ್ ಅಂದ್ರ 200 ವ್ಯಾಟ್, ಪೂರಾ ಜೋರು ಹಾಕಿದ್ರ ಆಂಪ್ ಒಂದ 18 ಆಂಪಿಯರ್ ಆಸುಪಾಸು ಎಳೀತೈತಿ, ಅಷ್ಟಕ್ಕ ಬ್ಯಾಟರಿಯಿಂದ ಬ್ಯಾರೆ ವಾಯರ್ ಬೇಕ ಬೇಕು. 8 ಗೇಜಿನ ಪೂರಾ ತಾಮ್ರದ್ದು ತಗೋರಿ, ಅಲ್ಯೂಮಿನಿಯಂ ಮ್ಯಾಲ ತಾಮ್ರದ ನೀರು ಕೊಟ್ಟಿದ್ದು ಬ್ಯಾಡ, ಬ್ಲೇಡಿಲೆ ಕೆರದು ನೋಡಿದ್ರ ಒಳಗ ಬೆಳ್ಳಗ ಕಾಣ್ತೈತಿ. ಬ್ಯಾಟರಿಯಿಂದ ಒಂದೂವರಿ ಫೂಟಿನೊಳಗ 30 ಆಂಪಿಯರ್ ಫ್ಯೂಸ್ ಹಾಕ್ರಿ, ಆ ಫ್ಯೂಸ್ ಆಂಪ್ ಉಳಸಾಕ ಅಲ್ಲ, ವಾಯರ್ ಎಲ್ಲಾರ ತಿಕ್ಕಿ ಬಾಡಿಗೆ ತಾಗಿದ್ರ ಗಾಡಿಗೆ ಬೆಂಕಿ ಹತ್ತಬಾರದು ಅಂತ. ಎಂಜಿನ್ ಕಡೆಯಿಂದ ಒಳಗ ಬರಾಕ ಕಂಪನಿ ರಬ್ಬರ್ ಗ್ರಾಮೆಟ್ (ವಾಯರ್ ಹಾಯೋ ತೂತಿನ ರಬ್ಬರ್ ಬಳಿ) ಇರ್ತೈತಿ, ಅದರ ಗುಂಟ ತರ್ರಿ, ಹೊಸಾ ತೂತು ಕೊರೀಬ್ಯಾಡ್ರಿ. ಪವರ್ ವಾಯರ್ ಗಾಡಿ ಒಂದು ಬದಿಗೆ, ಸಿಗ್ನಲ್ ವಾಯರ್ ಇನ್ನೊಂದು ಬದಿಗೆ ಎಳೀರಿ, ಒಂದ ಕಡೆ ಕಟ್ಟಿದ್ರ ಆಕ್ಸಿಲರೇಟರ್ ಒತ್ತಿದಂಗ ಕುಂಯ್ಯ್ ಅನ್ನೋ ಸಪ್ಪಳ ಬರಬಹುದು. ಅರ್ಥಿಂಗ್ ವಾಯರಿನ ಉದ್ದ ಕಮ್ಮಿ ಇರಲಿ, ಪೇಂಟ್ ಕೆರದು ಹೊಳಿಯೋ ತಗಡಿಗೆ ಕೊಡ್ರಿ, ಸೀಟ್‌ಬೆಲ್ಟಿನ ಬೋಲ್ಟಿಗೆ ಮಾತ್ರ ಬ್ಯಾಡ.

ಆಂಪ್ ಕುಂಡ್ರೋದು ಡ್ರೈವರ್ ಸೀಟಿನ ಕೆಳಗ. ಅದನ್ನ ನೆಲಕ್ಕ ಸ್ಕ್ರೂ ಹೊಡೀಬ್ಯಾಡ್ರಿ, ಆ ತಗಡಿನ ಅಡಿಯಾಗ ಪೆಟ್ರೋಲ್ ಪೈಪು ಬ್ರೇಕ್ ಪೈಪು ಹಾದಿರ್ತಾವ. ಕಾರ್ಪೆಟ್ಟಿಗೆ ವೆಲ್ಕ್ರೋ ಹಚ್ಚಿ ಸೀಟ್ ಫ್ರೇಮಿಗೆ ಟ್ಯಾಗ್ ಬಿಗೀರಿ, ಸಾಕು. ಸೀಟು ಹಿಂದ ಮುಂದ ಪೂರಾ ಸರಿಸಿ ನೋಡ್ರಿ.

ಬೇಸ್ ಇನ್ನೂ ಬೇಕಂದ್ರ ಬಾಜೂ ಸೀಟಿನ ಕೆಳಗ 8 ಇಂಚಿನ ಸೀಟ್ ಕೆಳಗಿನ ವೂಫರ್, ಆಂಪ್ ಒಳಗ ಇದ್ದದ್ದು. ಎತ್ತರ ಅಳಕೊಂಡ ಮ್ಯಾಲ ತಗೋರಿ, ಕೆಲವು ಗಾಡಿಯಾಗ ಅಲ್ಲೇ ಹಿಂದಿನವ್ರ ಕಾಲಿಗೆ ಗಾಳಿ ಬಿಡೋ ಏಸಿ ಡಕ್ಟ್ ಇರ್ತೈತಿ. ಇದರಿಂದ ಮದವಿ ಮೆರವಣಿಗಿ ಬೇಸ್ ಬರಂಗಿಲ್ಲ, ತಬಲಾದ ಡಗ್ಗಾ ಮಾತ್ರ ಎದಿ ಹತ್ರ ಬಂದು ನಿಂದ್ರತೈತಿ, ನನಗ ಅಷ್ಟ ಬೇಕಾಗಿತ್ತು. ಇದಕ್ಕೂ ಬ್ಯಾಟರಿಯಿಂದನ ಪವರ್ ಬೇಕು, ಇದರದ ಬ್ಯಾರೆ ಫ್ಯೂಸಿನ ಜೋಡಿ. ಸಣ್ಣ ಬ್ಯಾಟರಿ ಗಾಡಿಯಾಗ ಎಂಜಿನ್ ಬಂದ್ ಇಟ್ಟು ತಾಸುಗಟ್ಲೆ ಹಾಡು ಹಚ್ಚಬ್ಯಾಡ್ರಿ, ಆಮ್ಯಾಲ ನೂಕಾಕ ಮಂದಿ ಹುಡಕಬೇಕಾಗ್ತೈತಿ.

ಎಲ್ಲಾ ಕುಂತ ಮ್ಯಾಲ ಟ್ಯೂನಿಂಗ್, ಇದಕ್ಕ ರೊಕ್ಕ ಹತ್ತಂಗಿಲ್ಲ ಹೊತ್ತು ಹತ್ತತೈತಿ. ಡೋರ್ ಸ್ಪೀಕರಿಗೆ 80 ಹರ್ಟ್ಜ್‌ನಾಗ ಹೈ ಪಾಸ್ (ಅದರ ಕೆಳಗಿಂದು ತಡಿಯೋದು), ವೂಫರಿಗೆ 80ರಾಗ ಲೋ ಪಾಸ್ (ಅದರ ಮ್ಯಾಲಿಂದು ತಡಿಯೋದು) ಇಡ್ರಿ, ಡೋರಿಗೆ ಕೆಳಗಿನ ಬೇಸಿನ ಹೊರಿ ಇಳದ್ರ ಅದು ದನಿಯನ್ನ ಸ್ವಚ್ಛ ಹೇಳ್ತೈತಿ. ಗೇನ್ ಅಂದ್ರ ವಾಲ್ಯೂಮ್ ಅಲ್ಲ, ಒಳಗ ಬಂದ ಸಿಗ್ನಲ್ಲನ್ನ ಆಂಪ್ ಎಷ್ಟು ಹಿಗ್ಗಿಸಬೇಕು ಅನ್ನೋ ಸೆಟಿಂಗು. ಸ್ಟೀರಿಯೋದ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಸ್ಪೀಕರ್ ವಾಯರ್ ಬಿಚ್ಚಿ, 400 ಹರ್ಟ್ಜ್ ಟೋನ್ ಹಚ್ಚಿ, ಆಂಪಿನ ಔಟ್‌ಪುಟ್ಟಿಗೆ ಮಲ್ಟಿಮೀಟರ್ ಎಸಿ ಮೋಡಿನ್ಯಾಗ ಹಿಡೀರಿ. 4 ಓಮ್ ಸ್ಪೀಕರಿಗೆ 50 ವ್ಯಾಟ್ ಅಂದ್ರ 14 ವೋಲ್ಟ್, ಗೇನ್ ಸಾವಕಾಶ ಏರಿಸ್ಕೋತ ಅಲ್ಲಿಗೆ ಬಂದಾಗ ನಿಂದರಸ್ರಿ, ಮುಂದ ಹೋದ್ರ ದನಿ ಒಡೀತೈತಿ, ಟ್ವೀಟರ್ ಸುಡ್ತೈತಿ.

ಡಿಎಸ್‌ಪಿ ತಗೋರಿ ಅಂತ ನಾ ಹೇಳಿದ್ದು ಟೈಮ್ ಅಲೈನ್‌ಮೆಂಟಿಗೆ, ಅಂದ್ರ ಎಲ್ಲಾ ಸ್ಪೀಕರಿನ ಸಪ್ಪಳ ಕಿವಿಗೆ ಒಂದ ಹೊತ್ತಿಗೆ ಮುಟ್ಟಂಗ ಮಾಡಾಕ. ವಿಜಯಪುರದ ಗೋಳಗುಮ್ಮಟದ ಮ್ಯಾಲಿನ ಗ್ಯಾಲರಿಯಾಗ ನಿಂತು ಚಪ್ಪಾಳಿ ಹೊಡದ್ರ ಏಳೇಳು ಸಲ ವಾಪಸ್ ಕೇಳ್ತೈತಿ, ಯಾಕಂದ್ರ ಸಪ್ಪಳ ಸುಮಾರು 38 ಮೀಟರ್ ಆಚಿ ಗ್ವಾಡಿಗೆ ಹೋಗಿ ಬರಾಕ ಕಾಲು ಸೆಕೆಂಡಿನ ಹತ್ರ ಹಿಡೀತೈತಿ, ಕಿವಿಗೆ ಬ್ಯಾರೆ ಬ್ಯಾರೆ ತಿಳೀತೈತಿ. ಕಾರಿನ್ಯಾಗ ಕಾಚಿಗೆ ಬಡದ ಸಪ್ಪಳ ಕೆಲವು ಮಿಲಿಸೆಕೆಂಡಿನ್ಯಾಗ ವಾಪಸ್ ಬರ್ತೈತಿ, ಬ್ಯಾರೆ ಅಂತ ತಿಳಿಯಂಗಿಲ್ಲ, ಎಲ್ಲಾ ಕಲಸ್ಕೊಂಡು ರಾಡಿ ಆಗ್ತೈತಿ. ಅದರ ಮ್ಯಾಲ ನಮ್ಮಲ್ಲಿ ಡ್ರೈವರ್ ಕುಂಡ್ರೋದು ಬಲಕ್ಕ, ಬಲಗಡೆ ಸ್ಪೀಕರ್ ಮೊಣಕಾಲ ಹತ್ರಾನ ಐತಿ, ಎಡಗಡೇದು ದೂರ, ಹಂಗಾಗಿ ಹಾಡೋರು ನಿಮ್ಮ ಬಲಗಡೆ ಡೋರಿನ್ಯಾಗ ಕುಂತಂಗ ಕೇಳ್ತೈತಿ. ಟೇಪ್ ಹಿಡದು ಎರಡೂ ಸ್ಪೀಕರಿಂದ ನಿಮ್ಮ ಕಿವಿತನಕ ಅಳೀರಿ. ಸಪ್ಪಳ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಹೋಗ್ತೈತಿ, ಫರಕು 50 ಸೆಂಟಿಮೀಟರ್ ಬಂತಂದ್ರ ಬಲಗಡೇದನ್ನ ಒಂದೂವರಿ ಮಿಲಿಸೆಕೆಂಡ್ ತಡಾ ಮಾಡ್ರಿ. ಹಾಡೋರು ಎದ್ದು ಬಂದು ಡ್ಯಾಶ್‌ಬೋರ್ಡಿನ ನಡಕ ಕುಂಡ್ರತಾರ. ಮೊದ್ಲ ಸಲ ಹಂಗ ಆದಾಗ ನಾ ಗಾಡಿ ನಿಲ್ಲಿಸಿ ನಕ್ಕೀನಿ.

ಪರೀಕ್ಷಾ ಮಾಡಾಕ ಡಿಜೆ ಹಾಡು ಹಚ್ಚಬ್ಯಾಡ್ರಿ, ಅದು ಎಲ್ಲಾದ್ರಾಗೂ ಚಲೋ ಕೇಳ್ತೈತಿ. ಒಂದು ಹಲಗಿ ಮಜಲಿನ ರೆಕಾರ್ಡಿಂಗ್ ಹಚ್ರಿ, ಸಣ್ಣ ಕೋಲಿನ ಚಟ್ ಅನ್ನೋದು ಬಿಡಿಬಿಡಿ ಕೇಳಬೇಕು. ಕರಡಿ ಮಜಲಿನ್ಯಾಗ ಕರಡಿ ಅನ್ನೋ ಚರ್ಮವಾದ್ಯ, ತಾಳ, ಶಹನಾಯಿ ಒಂದರ ಮ್ಯಾಲ ಒಂದು ಬೀಳಬಾರದು. ದನಿಗೆ ನಮ್ಮ ಬೆಳಗಾವಿ ಜಿಲ್ಲಾದ ಸುಳೇಭಾವಿಯಾಗ 1924ರಾಗ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರದು ಯಾವುದರ ಒಂದು ಹಚ್ರಿ, ಅವರು ಉಸುರು ತಗೊಳ್ಳೋ ಖಾಲಿ ಜಾಗಾದಾಗ ಹಿಂದಿನ ತಂಬೂರಿ ಎಳಿಎಳಿಯಾಗಿ ಕೇಳಿದ್ರ ಟ್ವೀಟರ್ ಸರಿ ಕುಂತೈತಿ, ಚುಚ್ಚಿದಂಗ ಆದ್ರ ಟ್ವೀಟರಿಂದು ಎರಡು ಡೆಸಿಬಲ್ ಇಳಸ್ರಿ. ಬ್ಲೂಟೂತ್ ಬಿಟ್ಟು ಪೆನ್ ಡ್ರೈವಿನ್ಯಾಗ ಚಲೋ ಕ್ವಾಲಿಟಿ ಫೈಲ್ ಹಾಕ್ಕೊಂಡು ಕೇಳ್ರಿ, ಕಮ್ಮಿ ಕ್ವಾಲಿಟಿ ಎಂಪಿ3ಗೆ ಯಾವ ಆಂಪೂ ಜೀವಾ ಕೊಡಂಗಿಲ್ಲ.

ಕಡಿಕ ಗಡಗಡ ಹುಡಕೋ ಕೆಲಸ ಉಳೀತೈತಿ. 30ರಿಂದ 100 ಹರ್ಟ್ಜ್‌ತನಕ ಸಾವಕಾಶ ಏರೋ ಟೋನ್ ಹಚ್ಚಿ, ಇನ್ನೊಬ್ಬರನ್ನ ಕುಂಡ್ರಿಸಿಕೊಂಡು, ನಡಗಾಕತ್ತ ಜಾಗಾಕ್ಕ ಕೈ ಒತ್ತಿ ಒತ್ತಿ ನೋಡ್ರಿ. ನನ್ನ ಗಾಡಿಯಾಗ ಸಿಕ್ಕಿದ್ದು ಹಿಂದಿನ ನಂಬರ್ ಪ್ಲೇಟು, ಸನ್‌ಗ್ಲಾಸ್ ಡಬ್ಬಿ, ಮತ್ತ ಡೋರಿನ ಖಾನೇದಾಗ ನಮ್ಮವ್ವ ಇಟ್ಟ ಬನಶಂಕರಿ ಕುಂಕುಮದ ಭರಣಿ. ಮೊದ್ಲಿನ ಎರಡಕ್ಕ ಫೆಲ್ಟ್ ಟೇಪ್ ಹಚ್ಚಿದೆ. ಭರಣಿ ತಗಿಯಾಕ ಅವ್ವ ಒಪ್ಪಲಿಲ್ಲ, ಅದರ ಅಡಿಗೂ ಒಂದು ತುಂಡು ಅಂಟಿಸಿ ಅಲ್ಲೇ ಇಟ್ಟೀನಿ. ತಗದ ಕಂಪನಿ ಸ್ಪೀಕರು, ಖಾಲಿ ಪ್ಯಾನೆಲ್ಲು, ಉಳದ ಕ್ಲಿಪ್ಪು ಎಲ್ಲಾ ಎಡಾ ಬಲಾ ಅಂತ ಬರದು ಒಂದು ಚೀಲದಾಗ ಕಟ್ಟಿ ಅಟ್ಟದ ಮ್ಯಾಲ ಒಗೀರಿ, ಗಾಡಿ ಮಾರೂಮುಂದ ಒಂದು ಮಧ್ಯಾಹ್ನದಾಗ ಎಲ್ಲಾ ವಾಪಸ್ ಹಾಕಿ, ಸ್ಪೀಕರು ಆಂಪು ನಿಮ್ಮ ಮುಂದಿನ ಗಾಡಿಗೆ ಒಯ್ಯಬಹುದು.